ಹೃದಯದ ಚೇತರಿಕೆ: ಆಸ್ಪತ್ರೆಯಲ್ಲೋ, ಮನೆಯಲ್ಲೋ?

ಹೃದಯಾಘಾತ ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮ ತರಬೇತಿಯನ್ನು ಆಸ್ಪತ್ರೆಗೆ ಹೋಗಿ ಪಡೆಯಬಹುದು, ಮನೆಯಲ್ಲಿದ್ದುಕೊಂಡೂ ಪಡೆಯಬಹುದು. ಅಪಾಯ ಕಡಿಮೆ ಇರುವವರಿಗೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಎಂದು ಅಧ್ಯಯನಗಳು ತೋರಿಸಿವೆ. ಹಾಗಾಗಿ ನಿಮ್ಮಿಂದ ಯಾವುದು ನಡುವೆ ನಿಲ್ಲದೆ ಸಾಗೀತು ಎಂಬುದನ್ನೇ ಮೊದಲು ನೋಡಿ.

ಆಸ್ಪತ್ರೆಯಲ್ಲಾದರೆ ಸಾಮಾನ್ಯವಾಗಿ ವಾರಕ್ಕೆ 2–3 ದಿನದಂತೆ 6ರಿಂದ 12 ವಾರ. ಎದೆಗೆ ಇಸಿಜಿ ತಂತಿಗಳನ್ನು ಅಂಟಿಸಿಕೊಂಡು ಟ್ರೆಡ್‌ಮಿಲ್ ಮೇಲೆ ಮೊದಲ ಹೆಜ್ಜೆ ಇಡುವಾಗ ನರ್ಸ್ ಪಕ್ಕದಲ್ಲೇ ಇರುತ್ತಾರೆ. ‘ಮತ್ತೆ ಏನಾದರೂ ಆದರೆ?’ ಎಂಬ ಭಯ ಕಾಡುತ್ತಿರುವವರಿಗೆ ಆ ಧೈರ್ಯಕ್ಕೆ ಬೆಲೆ ಕಟ್ಟಲಾಗದು. ಅದೇ ನೋವುಂಡ ನಾಲ್ಕು ಜನರ ಒಡನಾಟವೂ ಸಿಗುತ್ತದೆ. ಹೃದಯ ವೈಫಲ್ಯ (ಹೃದಯ ಸಾಕಷ್ಟು ರಕ್ತವನ್ನು ಪಂಪ್ ಮಾಡಲಾರದ ಸ್ಥಿತಿ), ಬಡಿತದ ಏರುಪೇರು ಇರುವವರು ಇಲ್ಲೇ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಮನೆಯಲ್ಲಾದರೆ ಓಡಾಟವಿಲ್ಲ, ಕೆಲಸಕ್ಕೆ ಮರಳಿದವರಿಗೆ ಅನುಕೂಲ. ಆದರೆ ತಜ್ಞರು ಬರೆದುಕೊಟ್ಟ ಕ್ರಮವೂ ಆಗಾಗ ವಿಚಾರಿಸುವ ಫೋನ್ ಕರೆಯೂ ಇರಲೇಬೇಕು. ಬರೀ ‘ದಿನಾ ನಡೆಯಿರಿ’ ಎಂಬ ಸಲಹೆ ತರಬೇತಿಯಲ್ಲ. ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ನಿಧಾನಗೊಳಿಸುವುದರಿಂದ ಕೈಗಡಿಯಾರ ತೋರಿಸುವ ಬಡಿತವನ್ನಷ್ಟೇ ನಂಬಬೇಡಿ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ವೇಗ ತಗ್ಗಿಸಿ. ಎದೆನೋವು ಬಂದರೆ ಅಲ್ಲೇ ನಿಲ್ಲಿಸಿ, ಕುಳಿತರೂ ಇಳಿಯದಿದ್ದರೆ ತಡಮಾಡದೆ ಆಂಬುಲೆನ್ಸ್ ಕರೆಯಿರಿ.

ಮೊದಲ ಕೆಲವು ವಾರ ಆಸ್ಪತ್ರೆ, ಆಮೇಲೆ ಮನೆ ಎಂಬ ಕ್ರಮವೂ ಉಂಟು. ವೈದ್ಯರನ್ನು ಕೇಳಿ ನೋಡಿ.