ರೋಬೋ ಜೊತೆ ಸ್ಪೀಚ್ ಥೆರಪಿ: ವಿಜಯಪುರದಲ್ಲಿ ನಾಲ್ಕು ತಿಂಗಳು ಹೋಗಿ ಬಂದ ಮೇಲೆ

ವಾರಕ್ಕೆ ಎರಡು ಸಲದಂತೆ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ, ಈಗ ನಾಲ್ಕು ತಿಂಗಳಾಯ್ತು. ಸೆಂಟರಿನ ಹೆಸರು ಬರೆಯುವುದಿಲ್ಲ. ದೂರುಗಳೂ ಇವೆ, ನಾಳೆ ಮತ್ತೆ ಅದೇ ಥೆರಪಿಸ್ಟ್ ಮೇಡಂ ಮುಖ ನೋಡಬೇಕು.

ಮಗನಿಗೆ ಆರು ವರ್ಷ, ಆಟಿಸಂ ಇದೆ. ಮಾತೇ ಬರುವುದಿಲ್ಲ ಅಂತಲ್ಲ. ನಾವು ಅಂದದ್ದನ್ನೇ ತಿರುಗಿ ಅನ್ನುತ್ತಾನೆ. "ನೀರ ಬೇಕೇನ?" ಅಂತ ಕೇಳಿದರೆ ಅವನೂ "ನೀರ ಬೇಕೇನ?" ಅನ್ನುತ್ತಾನೆ, ಮತ್ತು ಅವನಿಗೆ ನಿಜವಾಗಿ ನೀರು ಬೇಕಾಗಿರುತ್ತದೆ. ಇದಕ್ಕೆ ಎಕೋಲೇಲಿಯಾ ಅಂತಾರೆ. ನನ್ನ ಮೈದುನ ಪ್ರೀತಿಯಿಂದ ಅವನನ್ನು 'ಗುಮ್ಮಟ' ಅಂತ ಕರೆಯುತ್ತಾನೆ, ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳಿಸುತ್ತದಲ್ಲ, ಹಾಗೆ. (ನಿಜವಾದ ಗುಮ್ಮಟಕ್ಕೆ ಕರೆದುಕೊಂಡು ಹೋದರೆ ಶಾಲೆ ಮಕ್ಕಳ ಕೂಗಾಟಕ್ಕೆ ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟ. ಅದು ಬೇರೆ ಕಥೆ.) ಪರೀಕ್ಷೆ ಮಾಡಿಸಿದ್ದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ. ಪ್ರತಿ ವಾರ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ ಹೋಗೋಕೆ ಆಗುತ್ತದಾ? ಹಾಗಾಗಿ ಊರಲ್ಲೇ ರೋಬೋ ಥೆರಪಿ ಬಂದಿದೆ ಅಂದಾಗ ಹೆಸರು ಬರೆಸಿದೆವು.

ರೋಬೋ ಹೇಗಿದೆ ಅಂದರೆ, ಮೊಣಕಾಲಿಗಿಂತ ಸ್ವಲ್ಪ ಎತ್ತರ, ಬಿಳಿ ಮೈ, ಕಣ್ಣಲ್ಲಿ ಲೈಟು. ಕೈ ಎತ್ತುತ್ತದೆ, ಕುತ್ತಿಗೆ ತಿರುಗಿಸುತ್ತದೆ, ಕುಣಿಯುತ್ತದೆ. ಮುಖ ಮಾತ್ರ ಅಲ್ಲಾಡುವುದಿಲ್ಲ. ಇದು ಕೊರತೆ ಅಂದುಕೊಂಡಿದ್ದೆ. ಆದರೆ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು ಆಟಿಸಂ ಇರುವ ಮಕ್ಕಳೊಂದಿಗೆ 2005ರಿಂದ ಬಳಸುತ್ತಿರುವ ಕಾಸ್ಪರ್ ಅನ್ನುವ ರೋಬೋಗೆ ಬೇಕಂತಲೇ ಮುಖಭಾವ ಕಡಿಮೆ ಇಟ್ಟಿದ್ದಾರೆ. ನಾವು ಮಾತಾಡುವಾಗ ಹುಬ್ಬು, ಕಣ್ಣು, ತುಟಿ ಎಲ್ಲಾ ಒಟ್ಟಿಗೆ ಓಡಾಡುತ್ತವೆ, ಕೆಲವು ಮಕ್ಕಳಿಗೆ ಅದು ಜಾತ್ರೆಯಲ್ಲಿ ನಿಂತ ಹಾಗೆ. ನನ್ನ ಮುಖವನ್ನು ಎರಡು ಸೆಕೆಂಡ್ ನೋಡದ ಮಗ ರೋಬೋ ಮುಂದೆ ಬಗ್ಗಿ ಕೂತು ಅದರ ಕಣ್ಣನ್ನೇ ನೋಡಿದ. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಹೊಟ್ಟೆಕಿಚ್ಚಾಯ್ತು.

ಎರಡನೇ ವಾರ ಗೊತ್ತಾಯ್ತು, ರೋಬೋ ತಾನಾಗಿ ಏನೂ ಮಾತಾಡುವುದಿಲ್ಲ. ಮೇಡಂ ತೊಡೆ ಮೇಲೆ ಟ್ಯಾಬ್ ಇರುತ್ತದೆ, ಅವರು ಒತ್ತಿದರೆ ಅದು ಅನ್ನುತ್ತದೆ. ತೊಗಲುಗೊಂಬೆ ಆಟದಲ್ಲಿ ಪರದೆ ಹಿಂದೆ ಕೂತವರು ಇರುತ್ತಾರಲ್ಲ, ಅಷ್ಟೇ. ಇದಕ್ಕೇನಾ ಒಂದು ಸೆಷನ್‌ಗೆ 900 ರೂಪಾಯಿ ಅಂತ ಸಿಟ್ಟು ಬಂತು, ಕೇಳಿಯೇಬಿಟ್ಟೆ. ಅವರು ಮುಚ್ಚಿಡಲಿಲ್ಲ. "ನಿಮ್ಮ ಮಗ ಅರ್ಧ ನುಂಗಿ ಆಡೋ ಮಾತು ನನಗೇ ತಿಳಿಯಂಗಿಲ್ಲ, ಇನ್ನ ಇದಕ್ಕೇನ್ ತಿಳೀತದ ಅಕ್ಕಾರ?" ಅಂದರು. ಆಮೇಲೆ ಓದಿದೆ, ಸಂಶೋಧನೆ ಮಾಡುವವರೂ ಬಹಳ ಸಲ ರೋಬೋವನ್ನು ಹೀಗೇ ಮರೆಯಿಂದ ನಡೆಸುತ್ತಾರಂತೆ.

ಹಾಗಾದರೆ ಅದರ ಉಪಯೋಗ ಏನು? ನನಗೆ ಅರ್ಥವಾಗೋಕೆ ಒಂದು ತಿಂಗಳು ಬೇಕಾಯ್ತು. ನಾನೊಬ್ಬಳೇ ಎದುರು ಕೂತು "ನೀರ ಬೇಕೇನ?" ಅಂದರೆ ಅವನಿಗೆ ತಿರುಗಿ ಅನ್ನೋಕೆ ಸಿಗುವುದು ನನ್ನ ಪ್ರಶ್ನೆ ಮಾತ್ರ. ಉತ್ತರ ಯಾರೂ ಹೇಳಿಕೊಟ್ಟಿಲ್ಲವಲ್ಲ. ಇಲ್ಲಿ ಪ್ರಶ್ನೆ ಕೇಳುವುದು ರೋಬೋ. ಮೇಡಂ ಮಗನ ಬೆನ್ನ ಹಿಂದೆ ಕೂತು, ಅವನ ಪರವಾಗಿ, ಕಿವಿ ಹತ್ತಿರ "ನನಗ ಬೇಕು" ಅನ್ನುತ್ತಾರೆ. ಅವನು ತಿರುಗಿ ಅನ್ನುವುದು ಆ ಕೊನೆಯ ಮಾತನ್ನು. ಗುಮ್ಮಟಕ್ಕೆ ಸರಿಯಾದ ಕೂಗು ಸಿಕ್ಕಿತು ನೋಡಿ! ಚಿತ್ರದ ಕಾರ್ಡು ಕೊಟ್ಟು ಬೇಕಾದದ್ದು ಕೇಳೋಕೆ ಕಲಿಸುವ ಪೆಕ್ಸ್ ಅನ್ನುವ ಪದ್ಧತಿಯಲ್ಲೂ ಶುರುವಿಗೆ ಇಬ್ಬರು ದೊಡ್ಡವರು ಬೇಕು, ಎದುರಿಗೆ ಒಬ್ಬರು, ಹಿಂದೆ ಒಬ್ಬರು. ನಮ್ಮಂಥ ಊರಿನ ಸೆಂಟರಿನಲ್ಲಿ ಇರುವುದೇ ಒಬ್ಬ ಥೆರಪಿಸ್ಟ್. ಆ ಎರಡನೇ ಕುರ್ಚಿ ತುಂಬೋಕೆ ರೋಬೋ ಬಂದಿದೆ, ನೂರು ಸಲ ಕೇಳಿದರೂ ಅದೇ ದನಿ, ಬೇಸರ ಇಲ್ಲ. ಇದನ್ನು ಬಿಟ್ಟು "ರೋಬೋ ಮಾತು ಕಲಿಸುತ್ತದೆ" ಅಂತ ಬೋರ್ಡ್ ಹಾಕಿದ್ದಾರೆ, ಅದು ತಪ್ಪು.

ಇನ್ನು ಭಾಷೆ ವಿಷಯ. ಮೊದಲು ರೋಬೋ ಮಾತಾಡುತ್ತಿದ್ದದ್ದು ಯಂತ್ರದ ದನಿಯಲ್ಲಿ, ಪುಸ್ತಕದ ಕನ್ನಡ. "ನಿನಗೆ ನೀರು ಬೇಕೇ? ದಯವಿಟ್ಟು ಹೇಳು." ಮೂರನೇ ವಾರ ಮನೆಯಲ್ಲಿ ಮಗ ನಮ್ಮತ್ತೆ ಮುಂದೆ ನಿಂತು, ಅದೇ ರಾಗದಲ್ಲಿ, ಕುತ್ತಿಗೆಯನ್ನೂ ಹಾಗೇ ತಿರುಗಿಸಿ "ದಯವಿಟ್ಟು ಹೇಳು" ಅಂದ. ಅತ್ತೆ ರೊಟ್ಟಿ ಬಡಿಯುವುದು ಬಿಟ್ಟು ನಕ್ಕರು, "ಏನವಾ, ನನ್ನ ಮೊಮ್ಮಗ ಬೆಂಗಳೂರ ಸಾಹೇಬ ಆಗ್ಯಾನ." ನಗು ಬಂದರೂ ನನಗೆ ಚಿಂತೆ ಆಯ್ತು. ಮನೆಯಲ್ಲಿ ಯಾರೂ ಆಡದ ಮಾತು ಕಲಿತು ಯಾರ ಜೊತೆ ಆಡಬೇಕು ಅವನು? ಮೇಡಂಗೆ ಹೇಳಿದೆ. ಅವರನ್ನು ಮೆಚ್ಚಿದ್ದು ಇಲ್ಲೇ. ಅತ್ತೆಯನ್ನು ಕರೆಸಿ, ಫೋನಿನಲ್ಲಿ ಅವರ ದನಿಯಲ್ಲೇ ಮೂವತ್ತು ಮಾತು ರೆಕಾರ್ಡ್ ಮಾಡಿ ರೋಬೋಗೆ ಹಾಕಿದರು. ಈಗ ಬಿಳಿ ಪ್ಲಾಸ್ಟಿಕ್ ಗೊಂಬೆ "ಹಸಿವ್ಯಾಗ್ಯದೇನೋ ಕೂಸ?" ಅನ್ನುತ್ತದೆ. ಅತ್ತೆಗಂತೂ ಹೆಮ್ಮೆ.

ದೂರುಗಳು. ನಲವತ್ತು ನಿಮಿಷದಲ್ಲಿ ರೋಬೋ ಇರುವುದು ಹದಿನೈದೇ ನಿಮಿಷ, ಸಾದಾ ಸೆಷನ್ 500 ಇರುವಾಗ ಇದಕ್ಕೆ 900. ಏಪ್ರಿಲ್ ಬಿಸಿಲಿಗೆ ಅದರ ಮೋಟಾರ್ ಕಾದು ಸುಮ್ನೆ ಕೂತುಬಿಡುತ್ತಿತ್ತು, ಕರೆಂಟ್ ಹೋದರೆ ಎಸಿಯೂ ಇಲ್ಲ. ಅದರ ತಲೆಯಲ್ಲಿ ಕ್ಯಾಮೆರಾ ಇದೆ, ವಿಡಿಯೋ ಎಲ್ಲಿ ಹೋಗುತ್ತದೆ ಅಂತ ಕೇಳಿದರೆ ರಿಸೆಪ್ಷನ್‌ನಲ್ಲಿ ಉತ್ತರ ಇಲ್ಲ. ರಸೀದಿಯಲ್ಲಿ ಥೆರಪಿಸ್ಟರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಹಾಕಿಸೋಕೆ ಮೂರು ಸಲ ಅಲೆದೆ. ನೀವು ಯಾವ ಸೆಂಟರಿಗೆ ಹೋದರೂ ಆ ಸಂಖ್ಯೆ ಮೊದಲು ಕೇಳಿ, ರೋಬೋ ಆಮೇಲೆ ನೋಡಿ.

ವಾಟ್ಸಾಪಿನಲ್ಲಿ ಬರುವ ವಿಡಿಯೋ ನೋಡಿ ಹಿಗ್ಗಬೇಡಿ. 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಆಟಿಸಂ ಇರುವ 12 ಮಕ್ಕಳ ಮನೆಯಲ್ಲಿ ಒಂದು ತಿಂಗಳು ರೋಬೋ ಇಟ್ಟು, ದಿನಕ್ಕೆ ಅರ್ಧ ತಾಸು ಮನೆಯವರ ಜೊತೆ ಆಡಿಸಿದರು. ರೋಬೋ ಇಲ್ಲದಾಗಲೂ ಮಕ್ಕಳು ದೊಡ್ಡವರು ನೋಡುವ ಕಡೆ ನೋಡುವುದು ಸುಧಾರಿಸಿತು. ಒಳ್ಳೆಯದೇ. ಆದರೆ 12 ಮಕ್ಕಳು, ಒಂದು ತಿಂಗಳು, ಹೋಲಿಸೋಕೆ ರೋಬೋ ಇಲ್ಲದ ಇನ್ನೊಂದು ಗುಂಪೂ ಇರಲಿಲ್ಲ. ಮನೆಗೇ ಒಂದು ಕೊಂಡರಾಯ್ತು ಅನ್ನುವವರಿಗೆ ಮೋಕ್ಸಿ ಕಥೆ ಹೇಳುತ್ತೇನೆ. ಸುಮಾರು 800 ಡಾಲರಿಗೆ ಮಾರುತ್ತಿದ್ದ ಮಕ್ಕಳ ರೋಬೋ ಅದು. 2024ರ ಡಿಸೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕುತ್ತೇವೆ ಅಂದಿತು, ಅದರ ಮಾತೆಲ್ಲ ಕಂಪನಿ ಸರ್ವರ್ ಮೇಲೆ ನಿಂತಿತ್ತು. ಮಕ್ಕಳಿಗೆ ಏನಂತ ಹೇಳಬೇಕು?

ನಮಗೂ ಸಣ್ಣದಾಗಿ ಅದೇ ಆಯ್ತು. ಮೂರನೇ ತಿಂಗಳು ರೋಬೋ ರಿಪೇರಿಗೆ ಹೋಯ್ತು, ಎರಡು ವಾರ ಬರಲಿಲ್ಲ. ಮೊದಲ ದಿನ ಮಗ ಖಾಲಿ ಮೇಜು ನೋಡಿ ಅತ್ತು ಅತ್ತು ಸುಸ್ತಾದ. ಮುಂದಿನ ಸಲ ಮೇಡಂ ನನ್ನ ಮೈದುನನನ್ನೇ ಕರೆಸಿ ಆ ಜಾಗದಲ್ಲಿ ಕೂರಿಸಿದರು. ಅವನೋ, ಕೈ ಸೆಟೆಸಿ, ಕಣ್ಣು ಬಿಟ್ಟು, ಕುತ್ತಿಗೆಯನ್ನು ಟಕ್ ಟಕ್ ಅಂತ ತಿರುಗಿಸಿ "ನೀರ ಬೇಕೇನ?" ಅಂದ. ಮಗ ಬಹಳ ಹೊತ್ತು ನೋಡಿದ. ಮೇಡಂ ಹಿಂದಿನಿಂದ ಬಾಯಿ ತೆರೆಯುವ ಮೊದಲೇ "ನನಗ ಬೇಕು" ಅಂದ.

ಮುಂದಿನ ತಿಂಗಳಿಂದ ರೋಬೋ ಸೆಷನ್ ವಾರಕ್ಕೆ ಒಂದೇ, ಇನ್ನೊಂದು ಸಾದಾ. ಉಳಿದ ದಿನ ಸಂಜೆ ಮೈದುನ ಅಂಗಡಿ ಮುಚ್ಚಿ ಬಂದು ಪುಕ್ಕಟೆ ರೋಬೋ ಆಗುತ್ತಾನೆ. ಮೇಡಂಗೆ ಐದಕ್ಕೆ ಐದು, ರೋಬೋಗೆ ಮೂರು, ರಿಸೆಪ್ಷನ್‌ಗೆ ಒಂದು.