ಸ್ಯಾನ್ ಡಿಯಾಗೋ ಕಡಲತಡಿಯ ಸಾರ್ವಜನಿಕ ಗಾಲ್ಫ್ ಮೈದಾನಗಳು: ಎರಡು ವರ್ಷ ಆಡಿದ ಮೇಲೆ

ಬೆಂಗಳೂರಿನಲ್ಲಿದ್ದಷ್ಟು ಕಾಲವೂ ನಾನು ಗಾಲ್ಫ್ ಆಡಿದ್ದು ಸದಸ್ಯತ್ವವಿದ್ದ ಸ್ನೇಹಿತರ ಅತಿಥಿಯಾಗಿ. 1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿಗಾಗಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿಗಾಗಲಿ (ಕೆಜಿಎ) ಯಾರಾದರೂ ಕರೆದುಕೊಂಡು ಹೋದರೆ ಆಟ, ಇಲ್ಲದಿದ್ದರೆ ಅಭ್ಯಾಸದ ರೇಂಜಿನಲ್ಲಿ ನೂರು ಚೆಂಡು ಹೊಡೆದು ಮನೆಗೆ ವಾಪಸ್ಸು. ಆದ್ದರಿಂದ ಕೆಲಸದ ನಿಮಿತ್ತ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಬಂದಾಗ, ಪಾರ್ಕು ಮತ್ತು ಗ್ರಂಥಾಲಯಗಳನ್ನು ನಡೆಸುವ ನಗರಾಡಳಿತವೇ ಗಾಲ್ಫ್ ಮೈದಾನಗಳನ್ನೂ ನಡೆಸುತ್ತದೆ, ಹಣ ಕೊಟ್ಟ ಯಾರು ಬೇಕಾದರೂ ಅಲ್ಲಿ ಆಡಬಹುದು ಎಂಬುದನ್ನು ನಂಬಲು ನನಗೆ ಸ್ವಲ್ಪ ಸಮಯ ಬೇಕಾಯಿತು. ಈ ಎರಡು ವರ್ಷಗಳಲ್ಲಿ ಕಡಲಿಗೆ ಹತ್ತಿರವಿರುವ ಐದು ಸಾರ್ವಜನಿಕ ಮೈದಾನಗಳಲ್ಲಿ ಮತ್ತೆ ಮತ್ತೆ ಆಡಿದ್ದೇನೆ. ಇತ್ತ ಬರಲಿರುವ ಕನ್ನಡಿಗ ಗಾಲ್ಫ್ ಪ್ರಿಯರಿಗೆ ಯಾವುದು ಹಣಕ್ಕೆ ತಕ್ಕ ಮೈದಾನ, ಯಾವುದಕ್ಕೆ ಎಷ್ಟು ಸಲ ಹೋಗಬೇಕು ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ.

ಮೈದಾನಗಳ ವಿಚಾರಕ್ಕೆ ಮೊದಲು ಮನೆಯ ವಿಚಾರ ಹೇಳಲೇಬೇಕು. ಸ್ಯಾನ್ ಡಿಯಾಗೋ ನಗರದ ನಿವಾಸಿಗಳಿಗೆ ನಗರದ ಗಾಲ್ಫ್ ವಿಭಾಗವು ನಿವಾಸಿ ಕಾರ್ಡು ಕೊಡುತ್ತದೆ. ಅದಿದ್ದವರು ಟೋರಿ ಪೈನ್ಸ್‌ನಂತಹ ಕಡೆ ಹೊರಗಿನವರು ತೆರುವ ದರದ ಸುಮಾರು ಮೂರನೆಯ ಒಂದು ಪಾಲಿಗೆ ಆಡಬಹುದು. ಆದರೆ ಇಲ್ಲಿನ ಅಂಚೆ ವಿಳಾಸದಲ್ಲಿ ಸ್ಯಾನ್ ಡಿಯಾಗೋ ಎಂದಿದ್ದ ಮಾತ್ರಕ್ಕೆ ಆ ಮನೆ ನಗರದ ಎಲ್ಲೆಯೊಳಗಿದೆ ಎಂದಲ್ಲ. ನಮ್ಮವರು ಬಹಳಷ್ಟು ಮಂದಿ ಮನೆ ಮಾಡಿರುವ ಫೋರ್ ಎಸ್ ರ‍್ಯಾಂಚ್ ನಗರಕ್ಕೆ ಸೇರಿಲ್ಲ, ಅದು ಕೌಂಟಿಯ (ನಮ್ಮ ಜಿಲ್ಲೆಯಂತಹದರ) ಆಡಳಿತದಲ್ಲಿದೆ. ಪಕ್ಕದ ರ‍್ಯಾಂಚೋ ಪೆನಾಸ್ಕಿಟೋಸ್, ಮೀರಾ ಮೆಸಾ, ಕಾರ್ಮೆಲ್ ವ್ಯಾಲಿ ನಗರದೊಳಗಿವೆ. ಪೋವೇ, ಡೆಲ್ ಮಾರ್, ಎನ್ಸಿನಿಟಾಸ್ ಬೇರೆಯೇ ನಗರಗಳು. ನನಗೆ ಮನೆ ತೋರಿಸಿದ ದಲ್ಲಾಳಿ ಶಾಲೆಗಳ ಅಂಕಪಟ್ಟಿಯನ್ನು ಬಾಯಿಪಾಠ ಒಪ್ಪಿಸಿದರೇ ಹೊರತು ಈ ಸಂಗತಿಯನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲ ವರ್ಷವಿಡೀ ಹೊರಗಿನವನ ದರ ತೆತ್ತು, ಬಾಡಿಗೆ ಕರಾರು ಮುಗಿದ ಮೇಲೆ ನಾಲ್ಕು ಮೈಲಿ ಈಚೆಗೆ ಮನೆ ಬದಲಾಯಿಸಿದೆ. ಅದಕ್ಕೆ ಮಗಳ ಶಾಲೆಯೇ ಕಾರಣ ಎಂದು ಹೆಂಡತಿ ಇಂದಿಗೂ ಎಲ್ಲರಿಗೂ ಹೇಳುತ್ತಾಳೆ, ನಾನು ತಿದ್ದಲು ಹೋಗಿಲ್ಲ.

ಲಾ ಹೋಯಾದ ಕಡಲ ಬಂಡೆಗಳ ಮೇಲಿರುವ ಟೋರಿ ಪೈನ್ಸ್ ಬಗ್ಗೆ ಕೇಳದ ಗಾಲ್ಫ್ ಆಟಗಾರರು ವಿರಳ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕ್ಯಾಂಪ್ ಕ್ಯಾಲನ್ ಎಂಬ ಸೇನಾ ತರಬೇತಿ ಶಿಬಿರವಿದ್ದ ಜಾಗದಲ್ಲಿ 1957ರಲ್ಲಿ ತೆರೆದ ಈ ಮೈದಾನಕ್ಕೆ ಸೌತ್ ಮತ್ತು ನಾರ್ತ್ ಎಂಬ ಎರಡು ಹದಿನೆಂಟು ಹೋಲ್‌ಗಳ ಕೋರ್ಸುಗಳಿವೆ. ರೀಸ್ ಜೋನ್ಸ್ 2001ರಲ್ಲಿ ಮರುರೂಪಿಸಿದ ಸೌತ್‌ನಲ್ಲಿ 2008ರ ಯು.ಎಸ್. ಓಪನ್ ನಡೆದು, ಟೈಗರ್ ವುಡ್ಸ್ ಮುರಿದ ಕಾಲಿನಲ್ಲೇ ಆಡಿ ಪ್ಲೇಆಫ್‌ನಲ್ಲಿ ರಾಕೋ ಮೀಡಿಯೇಟ್‌ರನ್ನು ಸೋಲಿಸಿದರು. 2021ರ ಯು.ಎಸ್. ಓಪನ್ ಅನ್ನು ಅಲ್ಲಿಯೇ ಜಾನ್ ರಾಮ್ ಗೆದ್ದರು. ವೃತ್ತಿಪರರಿಗೆ ಅದು 7,600 ಗಜಗಳಿಗೂ ಮೀರಿದ ಉದ್ದ. ನಮ್ಮಂತಹವರು ಮುಂದಿನ ಟೀಗಳಿಂದ (ಮೊದಲ ಹೊಡೆತ ಹೊಡೆಯುವ ಜಾಗಗಳಿಂದ) ಹೊಡೆದರೂ ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದ ಪಾರ್ ನಾಲ್ಕರ ಹೋಲ್‌ಗಳು, ಕುಳಿಯಿರುವ ನುಣುಪು ಹುಲ್ಲಿನ ಗ್ರೀನ್ ಮುಟ್ಟಲಿಕ್ಕೇ ಒಂದರ ಹಿಂದೊಂದು ಮೂರು ಹೊಡೆತ ಕೇಳುತ್ತವೆ. ಸಮುದ್ರದತ್ತ ಮುಖ ಮಾಡಿದ ಹನ್ನೆರಡನೆಯ ಹೋಲಿನಲ್ಲಿ ಮಧ್ಯಾಹ್ನದ ಗಾಳಿ ಎದುರಾದಾಗ, ನಾನು ಎರಡು ಒಳ್ಳೆಯ ಹೊಡೆತಗಳ ನಂತರವೂ ಗ್ರೀನಿನಿಂದ ನೂರು ಗಜ ದೂರದಲ್ಲಿ ನಿಂತದ್ದುಂಟು.

ಬೆಂಗಳೂರಿನವರಿಗೆ ಇದರ ಜೊತೆ ಇನ್ನೊಂದು ಕಷ್ಟವಿದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ತೆಳುವಾದ ಗಾಳಿಯಲ್ಲಿ ಚೆಂಡು ತುಸು ಹೆಚ್ಚು ದೂರ ಹಾರುತ್ತದೆ. ಇಲ್ಲಿ, ಅದರಲ್ಲೂ ಮೇ ಮತ್ತು ಜೂನ್ ತಿಂಗಳ ಬೆಳಗುಗಳಲ್ಲಿ ಕಡಲ ಮೋಡ ನೆಲಕ್ಕೆ ಇಳಿದು ತಣ್ಣಗೆ ಕುಳಿತಿರುವಾಗ, ಊರಿನಲ್ಲಿ ಏಳನೆಯ ಐರನ್ ಹಿಡಿಯುತ್ತಿದ್ದ ಕಡೆ ಇನ್ನೂ ದೂರ ಹೊಡೆಯುವ ಆರನೆಯದು ಬೇಕು, ಕೆಲವು ದಿನ ಐದನೆಯದೂ ಸಾಲದು. ಟೀಯಿಂದ ಗ್ರೀನಿನವರೆಗಿನ ಕತ್ತರಿಸಿದ ಹುಲ್ಲಿನ ಹಾದಿಯಾದ ಫೇರ್‌ವೇಯ ಅಂಚಿನಲ್ಲಿ ಬೆಳೆಯುವ, ಪೂರ್ವ ಆಫ್ರಿಕಾ ಮೂಲದ ಕಿಕುಯು ಹುಲ್ಲು ಕ್ಲಬ್ಬಿನ (ಗಾಲ್ಫ್ ಕೋಲಿನ) ಕೊರಳನ್ನು ಸುತ್ತಿಕೊಂಡು ಅದರ ಮುಖವನ್ನೇ ತಿರುಗಿಸಿಬಿಡುತ್ತದೆ. ಅಲ್ಲಿ ಸಾಹಸಕ್ಕಿಳಿಯದೆ, ಚೆಂಡನ್ನು ಎತ್ತಿ ಹೊಡೆಯುವ ವೆಜ್ ಎಂಬ ಕ್ಲಬ್ಬಿನಿಂದ ಹೊರಬರುವುದೇ ಲಾಭ. ಸೌತ್‌ನ ಗ್ರೀನುಗಳು ಪೋವಾ ಆನ್ಯುವಾ ಹುಲ್ಲಿನವು. ದಿನ ಏರಿದಂತೆ ಅದು ಒಂದೊಂದು ಕಡೆ ಒಂದೊಂದು ಎತ್ತರಕ್ಕೆ ಬೆಳೆಯುವುದರಿಂದ ಮಧ್ಯಾಹ್ನದ ಪಟ್‌ಗಳು (ಗ್ರೀನಿನ ಮೇಲೆ ಚೆಂಡು ಉರುಳಿಸುವ ಹೊಡೆತಗಳು) ಕುಣಿಯುತ್ತಾ ಹೋಗುತ್ತವೆ. ಪಟ್‌ಗಳೆಲ್ಲ ಸಮುದ್ರದ ಕಡೆಗೇ ಬಾಗುತ್ತವೆ ಎಂದು ಇಲ್ಲಿನ ಹಳಬರು ಹೇಳುವ ಮಾತನ್ನು ನಾನು ಮೊದಲು ತಮಾಷೆ ಎಂದುಕೊಂಡಿದ್ದೆ. ನಾಲ್ಕೈದು ಸುತ್ತುಗಳ ನಂತರ, ಕಣ್ಣಿಗೆ ಕಂಡ ಇಳಿಜಾರಿಗಿಂತ ಆ ಮಾತಿಗೇ ಹೆಚ್ಚು ಬೆಲೆ ಕೊಡತೊಡಗಿದೆ.

ಇಷ್ಟೆಲ್ಲ ಇದ್ದರೂ ಸೌತ್‌ನ ಮೂರನೆಯ ಹೋಲಿನ ಟೀ ಮೇಲೆ ನಿಂತು, ಕೆಳಗೆ ಗ್ರೀನು, ಅದರಾಚೆ ಬಂಡೆಯ ಅಂಚು, ಅದರಾಚೆ ಪೆಸಿಫಿಕ್ ಮಾತ್ರ ಕಾಣುವ ಆ ಗಳಿಗೆಯನ್ನು ಒಮ್ಮೆಯಾದರೂ ಅನುಭವಿಸದೆ ಈ ಊರನ್ನು ಬಿಡಬಾರದು. ಪಕ್ಕದ ಗ್ಲೈಡರ್‌ಪೋರ್ಟಿನಿಂದ ಎದ್ದ ಪ್ಯಾರಾಗ್ಲೈಡರ್‌ಗಳು ತಲೆಯ ಮೇಲೆ ಸದ್ದಿಲ್ಲದೆ ತೇಲುತ್ತಿರುತ್ತಾರೆ. ಮೈದಾನಕ್ಕೆ ಹೆಸರು ಕೊಟ್ಟ, ಈ ತೀರ ಮತ್ತು ಸಾಂಟಾ ರೋಸಾ ದ್ವೀಪ ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ಟೋರಿ ಪೈನ್ ಮರಗಳು ಗಾಳಿಗೆ ಬಾಗಿ ನಿಂತಿರುತ್ತವೆ. ನನ್ನ ಲೆಕ್ಕದಲ್ಲಿ ಸೌತ್ ವರ್ಷಕ್ಕೊಮ್ಮೆಯ ತೇರು. ವಾರ ವಾರದ ಆಟಕ್ಕೆ ಒದಗುವುದು ಪಕ್ಕದ ನಾರ್ತ್. ಟಾಮ್ ವೈಸ್ಕಾಫ್ 2016ರಲ್ಲಿ ಅದನ್ನು ಮರುರೂಪಿಸಿ ಗ್ರೀನುಗಳಿಗೆ ಬೆಂಟ್ ಹುಲ್ಲು ಹಾಕಿಸಿದ ಕಾರಣ ಚೆಂಡು ಸಾಯಂಕಾಲದವರೆಗೂ ನೇರವಾಗಿ ಉರುಳುತ್ತದೆ. ಅದು ಸೌತ್‌ಗಿಂತ ಗಿಡ್ಡದು, ದರವೂ ಕಡಿಮೆ, ನೋಟ ಮಾತ್ರ ಯಾವುದಕ್ಕೂ ಕಡಿಮೆಯಲ್ಲ. ಹದಿನೈದರ ಆಸುಪಾಸಿನ ಹ್ಯಾಂಡಿಕ್ಯಾಪ್ ಇರುವ (ಅಂದರೆ ಪಾರ್‌ಗಿಂತ ಸುಮಾರು ಅಷ್ಟು ಹೊಡೆತ ಹೆಚ್ಚು ಬೇಕಾಗುವ) ನನ್ನಂತಹವನಿಗೆ ಬ್ಯಾಗಿನಲ್ಲಿರುವ ಎಲ್ಲ ಕ್ಲಬ್ಬುಗಳಿಗೂ ಕೆಲಸ ಸಿಗುವುದು ಇಲ್ಲಿಯೇ.

ಟೋರಿ ಪೈನ್ಸ್‌ನಲ್ಲಿ ಟೀ ಟೈಮ್ (ಆಟ ಶುರುಮಾಡುವ ಸಮಯ) ಸಿಗುವುದೇ ದೊಡ್ಡ ಸಾಹಸ. ನಿವಾಸಿಗಳು ಏಳು ದಿನ ಮುಂಚಿತವಾಗಿ ಕಾದಿರಿಸಬಹುದು. ಅದಕ್ಕೂ ಮೊದಲೇ ಜಾಗ ಹಿಡಿಯಬೇಕಾದರೆ ಪ್ರತ್ಯೇಕ ಶುಲ್ಕವಿದೆ. ವಾರಾಂತ್ಯದ ಬೆಳಗಿನ ಹೊತ್ತುಗಳು ತತ್ಕಾಲ್ ಟಿಕೆಟ್ಟಿನಂತೆ ಕಣ್ಣು ಮಿಟುಕಿಸುವುದರೊಳಗೆ ಖಾಲಿ. ಒಂಟಿಯಾಗಿ ಹೋಗುವವರಿಗೆ ನಾನು ಸೂಚಿಸುವ ದಾರಿ ಬೇರೆ: ವಾರದ ನಡುವಿನ ದಿನ ನಸುಕಿನಲ್ಲೇ ಹೋಗಿ, ಗುಂಪುಗಳನ್ನು ಆಟಕ್ಕೆ ಬಿಡುವ ಸ್ಟಾರ್ಟರ್ ಬಳಿ ಹೆಸರು ಹೇಳಿ ಕುಳಿತರೆ, ಮೂವರ ಗುಂಪು ಬಂದಾಗ ನಾಲ್ಕನೆಯವರಾಗಿ ಸೇರಿಸುತ್ತಾರೆ. ನನ್ನ ಗೆಳೆತನಗಳು ಬಹುಪಾಲು ಹೀಗೆ ಕುದುರಿದವು. ಜನವರಿಯ ಕೊನೆಯಲ್ಲಿ ವೃತ್ತಿಪರರ ಪಿಜಿಎ ಟೂರಿನ ಪಂದ್ಯಾವಳಿ ಇಲ್ಲಿ ನಡೆಯುವುದರಿಂದ ಅದರ ಹಿಂದುಮುಂದಿನ ದಿನಗಳನ್ನು ಬಿಟ್ಟುಬಿಡುವುದು ಒಳ್ಳೆಯದು. ಎಲ್ಲಿಯೇ ಕಾದಿರಿಸುವುದಾದರೂ ಗ್ರೀನುಗಳಿಗೆ ರಂಧ್ರ ಹಾಕಿ ಮರಳು ತುಂಬುವ ವಾರ ಯಾವುದೆಂದು ಕೇಳಿಕೊಳ್ಳಿ. ಕೇಳದೆ ಹೋದ ನಾನು ಒಂದು ಕಡೆ (ಹೆಸರು ಬೇಡ) ಪೂರ್ತಿ ದರ ತೆತ್ತು, ಮರಳಿನ ಮೇಲೆ ಪಟ್ ಮಾಡುತ್ತಾ ಐದೂವರೆ ಗಂಟೆ ಕಳೆದು ಬಂದಿದ್ದೇನೆ.

ಎಲ್ಲಕ್ಕಿಂತ ಹೆಚ್ಚು ತೃಪ್ತಿ ಕೊಟ್ಟ ಮೈದಾನ ಯಾವುದು ಎಂದರೆ, ಕೊರೊನಾಡೋ ಎನ್ನುತ್ತೇನೆ. ಇದೂ 1957ರದೇ, ಆದರೆ ಕೊರೊನಾಡೋ ಎಂಬ ಬೇರೆ ನಗರದ ಸ್ವತ್ತು. ಟೋರಿ ಪೈನ್ಸ್‌ನಲ್ಲಿ ಹೊರಗಿನವರು ತೆರುವ ದರದ ಪಕ್ಕದಲ್ಲಿಟ್ಟರೆ ಇಲ್ಲಿಯದು ಬಹಳ ಅಗ್ಗ. ಸಾಗರಕ್ಕಲ್ಲ, ಕೊಲ್ಲಿಗೆ ಅಂಟಿಕೊಂಡಿರುವ ಪಾರ್ 72ರ ಈ ಸಮತಟ್ಟು ಮೈದಾನದಲ್ಲಿ, ಪುಶ್ ಕಾರ್ಟ್ ತಳ್ಳಿಕೊಂಡು ಹದಿನೆಂಟೂ ಹೋಲ್ ನಡೆದರೆ ಕಾಲು ನೋಯುವುದಿಲ್ಲ. (ಊರಿನಲ್ಲಿ ಬ್ಯಾಗು ಹೊರುವುದಷ್ಟೇ ಅಲ್ಲದೆ ಗಾಳಿ ಯಾವ ಕಡೆಯದು, ಇಳಿಜಾರು ಎಷ್ಟು ಎಂದೆಲ್ಲ ಹೇಳಿಕೊಡುತ್ತಿದ್ದ ಕ್ಯಾಡಿಗಳ ಬೆಲೆ ನನಗೆ ಅರಿವಾದದ್ದು ಇಲ್ಲಿಗೆ ಬಂದ ಮೇಲೆಯೇ.) 1969ರಲ್ಲಿ ತೆರೆದ ಎತ್ತರದ ಸೇತುವೆ ಮೈದಾನದ ನೆತ್ತಿಯ ಬಳಿ ಬಾಗಿ ಹೋಗುತ್ತದೆ, ಕೊನೆಯ ಹೋಲ್‌ಗಳು ನೀರಿನ ಅಂಚಿನಲ್ಲೇ ಸಾಗುತ್ತವೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ಸುಮಾರಿಗಾದ್ದರಿಂದ, ಮಧ್ಯಾಹ್ನದ ಇಳಿ ದರದಲ್ಲಿ ಹೊರಟರೂ ಪೂರ್ತಿ ಸುತ್ತು ಮುಗಿಯುತ್ತದೆ. ಮೈದಾನ ಸಪ್ಪೆ, ಏರಿಳಿತವಿಲ್ಲ ಎಂದು ದೂರುವವರಿದ್ದಾರೆ. ಅವರು ಬಾಲ್ಬೋವಾ ಪಾರ್ಕಿಗೆ ಹೋಗಲಿ: ಊರ ನಡುವಿನ ದೊಡ್ಡ ಉದ್ಯಾನದ ಮೂಲೆಯಲ್ಲಿ, ಕೊರಕಲುಗಳ ಮೇಲೆ ಹಾರಿಸಿ ಹೊಡೆಯಬೇಕಾದ ಹಳೆಯ ಶೈಲಿಯ ಕೋರ್ಸು ಅದು, ಪಕ್ಕದಲ್ಲಿ ಒಂಬತ್ತು ಹೋಲ್‌ಗಳ ಚಿಕ್ಕದೂ ಇದೆ. ಕಡಲು ದೂರದಲ್ಲಷ್ಟೇ ಕಾಣುತ್ತದೆ. ಮಟ್ಟಸವಾದ ನೆಲದ ಮೇಲೆ ಹೊಡೆಯುವ ಅವಕಾಶ ಒಂದು ಸುತ್ತಿನಲ್ಲಿ ಹತ್ತು ಬಾರಿ ಸಿಕ್ಕರೆ ಹೆಚ್ಚು.

ಉತ್ತರಕ್ಕೆ ಓಷನ್‌ಸೈಡ್‌ನಲ್ಲಿರುವ ಗೋಟ್ ಹಿಲ್ ಪಾರ್ಕ್ ಪಾರ್ 65ರ ಪುಟ್ಟ ಗುಡ್ಡದ ಮೈದಾನ. ಮುಚ್ಚುವ ಹಂತಕ್ಕೆ ಬಂದಿದ್ದ ಅದನ್ನು 2014ರಲ್ಲಿ ಗಾಲ್ಫ್ ಉಡುಪುಗಳ ವಿನ್ಯಾಸಕ ಜಾನ್ ಆಶ್‌ವರ್ತ್ ವಹಿಸಿಕೊಂಡು ಉಳಿಸಿದರು. ‘ವರ್ಲ್ಡ್ ಕ್ಲಾಸ್, ವರ್ಕಿಂಗ್ ಕ್ಲಾಸ್’ ಎಂಬ ಅದರ ಘೋಷವಾಕ್ಯದ ಎರಡನೆಯ ಭಾಗವಂತೂ ನೂರಕ್ಕೆ ನೂರು ನಿಜ: ನಾನು ಹೋದ ದಿನ ಜೊತೆಯಲ್ಲಿ ಆಡಿದವರು ಒಬ್ಬ ಕೊಳಾಯಿ ಕೆಲಸದವರು ಮತ್ತು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಒಬ್ಬ ನರ್ಸ್. ದೂರ ಹೆಚ್ಚಾದ್ದರಿಂದ ವರ್ಷಕ್ಕೆ ಎರಡು ಮೂರು ಸಲವಷ್ಟೇ ಹೋಗಲಾಗಿದೆ.

ಆಟವನ್ನು ಈಗಷ್ಟೇ ಕಲಿಯುತ್ತಿರುವವರನ್ನು ಮಿಷನ್ ಬೇ ಮೈದಾನಕ್ಕೆ ಕರೆದುಕೊಂಡು ಹೋಗಬೇಕು. ಅಲ್ಲಿ ಬಹುಪಾಲು ಪಾರ್ ಮೂರರ ಹೋಲ್‌ಗಳು, ಕತ್ತಲಾದ ಮೇಲೂ ದೀಪದ ಬೆಳಕಿನಲ್ಲಿ ಆಟ. ಶುಕ್ರವಾರ ಕೆಲಸ ಮುಗಿಸಿ ಏಳು ಗಂಟೆಗೆ ಮಗಳನ್ನು ಕರೆದುಕೊಂಡು ಹೊರಟರೆ, ಅವಳು ಮೂರು ಕ್ಲಬ್ಬು ಹೆಗಲಿಗೇರಿಸಿಕೊಂಡು ನನಗಿಂತ ಮುಂದೆ ನಡೆಯುತ್ತಾಳೆ. ಕಡಲ ಮೋಡ ಇಳಿದ ರಾತ್ರಿ ಚೆಂಡು ದೀಪದ ಬೆಳಕನ್ನು ದಾಟಿ ಬಿಳಿಯ ಮಬ್ಬಿನೊಳಗೆ ಮರೆಯಾಗುತ್ತದೆ. ಅದು ಗ್ರೀನಿನ ಮೇಲೆ ಬಿತ್ತೋ ಇಲ್ಲವೋ ಎಂಬುದು ಅಲ್ಲಿಯವರೆಗೂ ನಡೆದುಹೋದ ಮೇಲೆಯೇ ಗೊತ್ತಾಗಬೇಕು.