ಮುಚ್ಚಿದ ಕಿಟಕಿಯ ಜೇನು: ಧಾರವಾಡದಲ್ಲಿ ಜೇನು ಬಿಡಿಸುವವರೊಬ್ಬರ ಕೆಲಸ ಹೇಗಿತ್ತು

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಹಂಚಿನ ಮನೆಯ ಮಲಗುವ ಕೋಣೆಯಲ್ಲಿ ಒಂದು ಹಳೆಯ ಕಿಟಕಿಯಿದೆ. ಪಕ್ಕದವರು ಗೋಡೆ ಎತ್ತಿದ ಮೇಲೆ ಅದರಿಂದ ಗಾಳಿಯೂ ಬಾರದೆ ಬೆಳಕೂ ಬಾರದೆ ಹೋದಾಗ, ನಮ್ಮ ಮಾವನವರು ಹೊರಗಿನ ಕಟ್ಟಿಗೆಯ ಕದಗಳನ್ನು ಹಾಕಿಸಿ, ಒಳಮಗ್ಗುಲಿಗೆ ಪ್ಲೈವುಡ್ ಬಡಿಸಿ, ಪುಸ್ತಕ ಇಡುವ ಗೂಡು ಮಾಡಿಸಿದ್ದರು. ಕದಕ್ಕೂ ಪ್ಲೈವುಡ್ಡಿಗೂ ನಡುವೆ ಉಳಿದ ಒಂದಡಿ ಅಗಲದ ಕತ್ತಲೆಯ ಜಾಗವನ್ನು ನಾವೆಲ್ಲ ಮರೆತೇ ಬಿಟ್ಟಿದ್ದೆವು. ದೀಪಾವಳಿಯ ಮರುವಾರ, ಪೊಳ್ಳುಗಳಲ್ಲಿ ಗೂಡು ಕಟ್ಟುವ ತುಡುವೆ ಜೇನು ಅದನ್ನು ಹುಡುಕಿಕೊಂಡು ಬಂದಿತು. ಅದನ್ನು ಜನವರಿಯಲ್ಲಿ ಬಿಡಿಸಿಕೊಂಡು ಹೋದ ಜೇನು ಸಾಕಣೆದಾರರ ಸೇವೆಯ ಕುರಿತು ಈ ಬರಹ. ಅವರಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಹೆಸರು, ನಂಬರು ಹಾಕಬೇಡಿರೆಂದು ಅವರೇ ಕೇಳಿಕೊಂಡದ್ದರಿಂದ ಹಾಕಿಲ್ಲ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ. ಚಳಿ ಬಿದ್ದರೆ ಹುಳಗಳು ತಾವಾಗಿಯೇ ಹೋಗುತ್ತವೆ ಎಂದು ನಾವು ಎರಡು ತಿಂಗಳು ಕಾದೆವು. ಹಿಮ ಬೀಳುವ ದೇಶಗಳಲ್ಲಿ ಜೇನುಹುಳಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗೂಡಿ, ಮರಿ ಮಾಡುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ಕೂಡಿಟ್ಟ ತುಪ್ಪವನ್ನು ತಿನ್ನುತ್ತ ತಿಂಗಳುಗಟ್ಟಲೆ ಕಳೆಯುತ್ತವೆಯೇ ಹೊರತು ಅಲ್ಲಿಯೂ ಅವು ಗೂಡು ಬಿಟ್ಟು ಹೋಗುವುದಿಲ್ಲ. ನಮ್ಮ ಚಳಿಯೆಂದರೆ ಬೆಳಗಿನ ಜಾವ 14–15 ಡಿಗ್ರಿ, ಮಧ್ಯಾಹ್ನ 28ರ ಆಸುಪಾಸು. ಅಷ್ಟು ಚಳಿಗೆ ಅವು ಹಾಗೆ ತಿಂಗಳುಗಟ್ಟಲೆ ಗುಂಪುಗೂಡಿ ಕೂಡ್ರುವ ಮಾತೇ ಇಲ್ಲ. ಬಿಸಿಲು ಏರಿದೊಡನೆ ಸಂದಿಯಿಂದ ಸಾಲಾಗಿ ಹೊರಡುತ್ತಿದ್ದವು. ಹಿಂಗಾರಿನ ಕುಸುಬಿ, ಸೂರ್ಯಕಾಂತಿ, ಹಿತ್ತಲಿನ ನುಗ್ಗೆ, ಎಲ್ಲವೂ ಹೂವಾಗುವುದು ಇದೇ ಕಾಲದಲ್ಲಿ. ತತ್ತಿಯಿಂದ ಕೆಲಸಗಾರ ಹುಳ ಹೊರಬರಲು ಸುಮಾರು ಮೂರು ವಾರ ಸಾಕಾಗುವುದರಿಂದ, ಅವು ಹೋಗಲೆಂದು ನಾವು ಕಾಯುತ್ತಿದ್ದ ಅವಧಿಯಲ್ಲಿ ಅವುಗಳ ಸಂಸಾರ ಎರಡು ಮೂರು ತಲೆ ಬೆಳೆದಿತ್ತು. ಸಂಕ್ರಾಂತಿಯ ಹೊತ್ತಿಗೆ, ಬೆಳಗಿನ ಚಳಿಯಲ್ಲಿ ಪುಸ್ತಕ ತೆಗೆಯಲು ಕೈ ಹಾಕಿದರೆ, ಪ್ಲೈವುಡ್ಡಿನ ನಡುಭಾಗ ಮಾತ್ರ ಅಂಗೈಗೆ ಬೆಚ್ಚಗೆ ತಾಗುತ್ತಿತ್ತು. ಮರಿಗಳಿರುವ ಜಾಗವನ್ನು ಜೇನು 34–35 ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಕಿವಿ ಹಚ್ಚಿದರೆ ದೂರದ ಹಿಟ್ಟಿನ ಗಿರಣಿಯ ಸದ್ದು ಕೇಳಿಸುತ್ತಿತ್ತು. ಮನೆಗೆ ಜೇನು ಬಂದರೆ ಲಕ್ಷ್ಮಿ ಬಂದ ಹಾಗೆ ಎಂದು ಅತ್ತೆಯವರು ಹೇಳುತ್ತಲೇ ಇದ್ದರು. ಆದರೆ ರಾತ್ರಿ ದೀಪಕ್ಕೆ ಬಂದ ಹುಳವೊಂದು ಮಗಳ ಕುತ್ತಿಗೆಗೆ ಕಡಿದ ಮೇಲೆ ಅವರೂ ಸುಮ್ಮನಾದರು.

ಮೊದಲು ಫೋನು ಮಾಡಿದ್ದು ಕೀಟನಾಶಕ ಹೊಡೆಯುವ ಒಂದು ಸಂಸ್ಥೆಗೆ. ಯಾವ ಜೇನು, ಎಲ್ಲಿದೆ, ಎಷ್ಟು ದಿನವಾಯಿತು ಎಂಬ ಒಂದು ಪ್ರಶ್ನೆಯನ್ನೂ ಕೇಳದೆ 1,800 ರೂಪಾಯಿ ಎಂದರು. ಸತ್ತ ಹುಳ, ಎರಿ (ಹುಳಗಳು ಕಟ್ಟಿದ ಮೇಣದ ತಟ್ಟೆ), ತುಪ್ಪ ಏನಾಗುತ್ತವೆ ಎಂದು ಕೇಳಿದೆ. “ಅದು ನಮ್ಮ ಕೆಲಸ ಅಲ್ರೀ, ಹುಳಾ ಸಾಯಿಸೂದಷ್ಟ ನಮ್ದು” ಎಂದು ಉತ್ತರ ಬಂತು. ಕಾಯಲು ಹುಳಗಳಿಲ್ಲದ ಎರಿಗೆ ಮೇಣದ ಪತಂಗ ಬೀಳುತ್ತದೆ, ತುಪ್ಪ ಸೋರಿ ಗೋಡೆಗೆ ಇಳಿಯುತ್ತದೆ, ಇರುವೆ ಹತ್ತುತ್ತದೆ, ಮರಿಗಳು ಅಲ್ಲಿಯೇ ಕೊಳೆಯುತ್ತವೆ. ಮೇಲಾಗಿ ಬೇರೆ ಗೂಡಿನ ಹುಳಗಳು ಬಂದು ಆ ವಿಷದ ತುಪ್ಪವನ್ನೇ ಹೊತ್ತೊಯ್ಯುತ್ತವೆ. ಮಲಗುವ ಕೋಣೆಯ ಗೋಡೆಯಲ್ಲಿ ಇದನ್ನೆಲ್ಲ ಇಟ್ಟುಕೊಳ್ಳಲು ಹಣ ಕೊಡುವುದು ನನಗೆ ಸರಿಕಾಣಲಿಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ ನೆರೆಯವರೊಬ್ಬರು ಈ ಸಾಕಣೆದಾರರನ್ನು ಪರಿಚಯಿಸಿದರು. ಪರಿಚಯದವರಿಲ್ಲದಿದ್ದರೆ ಜಿಲ್ಲೆಯ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬಹುದು. ಜೇನು ಸಾಕಣೆಯ ಯೋಜನೆಗಳು ಅದರ ಕೆಳಗೇ ಬರುತ್ತವೆ.

ಅವರು ಫೋನಿನಲ್ಲಿಯೇ ಐದಾರು ಪ್ರಶ್ನೆ ಕೇಳಿದರು. ಬಯಲಲ್ಲಿ ಒಂದೇ ದೊಡ್ಡ ತಟ್ಟೆಯಾಗಿ ತೂಗುತ್ತಿದ್ದರೆ ಅದು ಹೆಜ್ಜೇನು, ಅದಕ್ಕೆ ತಾವು ಕೈ ಹಾಕುವುದಿಲ್ಲ ಎಂದೂ, ಕತ್ತಲೆಯ ಪೊಳ್ಳಿನಲ್ಲಿ ಸಾಲು ಎರಿ ಕಟ್ಟುವ ತುಡುವೆಯಾದರೆ ಬರುತ್ತೇವೆ ಎಂದೂ ಹೇಳಿದರು. ಕೊನೆಯ ಪ್ರಶ್ನೆ ಮಾತ್ರ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು: “ಏನರ ಎಣ್ಣಿ ಹೊಡದೀರೇನ್ರಿ?” ಎಣ್ಣಿಯೆಂದರೆ ಇಲ್ಲಿ ಕೀಟನಾಶಕ. ಮಗಳಿಗೆ ಕಡಿದ ರಾತ್ರಿ ಸಿಟ್ಟಿನಲ್ಲಿ ಸಂದಿಯೊಳಗೆ ಸೊಳ್ಳೆಯ ಸ್ಪ್ರೇ ಹೊಡೆದಿದ್ದೆನೆಂದು ಒಪ್ಪಿಕೊಂಡೆ.

ನಾಲ್ಕು ಗಂಟೆಗೆ ಬರುತ್ತೇನೆಂದವರು ಬಂದದ್ದು ಐದೂವರೆಗೆ. ಮುಸ್ಸಂಜೆಯಲ್ಲಿ ಮಾಡಬೇಕಾದ ಕೆಲಸವಾದ್ದರಿಂದ ಹಾನಿಯೇನೂ ಆಗಲಿಲ್ಲವಾದರೂ, ಒಂದೂವರೆ ತಾಸು ನಾವು ಮಂಚ, ಹಾಸಿಗೆಗಳನ್ನೆಲ್ಲ ಪಡಸಾಲೆಗೆ ಹೊತ್ತು ಹಾಕಿ ಕುಳಿತಿದ್ದು ಬೇಸರ ತಂದಿತು. ಬಂದ ಮೇಲಿನ ಕೆಲಸದಲ್ಲಿ ಮಾತ್ರ ನಾನು ಕುಂದು ಹುಡುಕಲಾರೆ. ಕೋಣೆಯ ದೀಪ ಆರಿಸಿ, ಬ್ಯಾಟರಿಯ ಬಾಯಿಗೆ ಕೆಂಪು ಕಾಗದ ಸುತ್ತಿದರು; ಜೇನಿಗೆ ಕೆಂಪು ಬಣ್ಣ ಕಾಣುವುದಿಲ್ಲವಾದ್ದರಿಂದ ಆ ಬೆಳಕಿಗೆ ಹುಳ ಮೇಲೆ ಬರುವುದಿಲ್ಲ. ತಿದಿಯ ಡಬ್ಬಿಯಲ್ಲಿ ತೆಂಗಿನ ನಾರಿಗೆ ಬೆಂಕಿ ಹಚ್ಚಿ ನಾಲ್ಕೈದು ಸಲ ಹೊಗೆ ಬಿಟ್ಟು, ಪ್ಲೈವುಡ್ಡನ್ನು ಮೊಳೆ ಮೊಳೆಯಾಗಿ ಸಡಿಲಿಸಿ ಇಳಿಸಿದಾಗ, ಏಳು ಎರಿಗಳು ಒಂದರ ಪಕ್ಕ ಒಂದು, ನಡುವೆ ಬೆರಳು ತೂರದಷ್ಟೇ ಸಂದು ಬಿಟ್ಟು, ಮೇಲಿನ ಚೌಕಟ್ಟಿನಿಂದ ಇಳಿಬಿದ್ದಿದ್ದವು. ಎರಡು ಎರಿಗಳ ಒಳಗಿನಿಂದ ಕಿಟಕಿಯ ಕಬ್ಬಿಣದ ಸರಳುಗಳೇ ಹಾದುಹೋಗಿದ್ದವು. ಸರಳಿನ ಸುತ್ತಲೂ ಮೇಣವನ್ನು ಗಾರೆಯಂತೆ ಮೆತ್ತಿ, ಅದರ ಆಚೆ ಈಚೆ ಕೋಣೆಗಳ ಸಾಲನ್ನು ಏನೂ ಆಗಿಲ್ಲವೆಂಬಂತೆ ಮುಂದುವರಿಸಿದ್ದವು.

ಮೇಲ್ತುದಿಯಲ್ಲಿ ತುಪ್ಪ, ಅದರ ಕೆಳಗೆ ಪರಾಗ, ಅದಕ್ಕೂ ಕೆಳಗೆ ಮರಿ. ಮರಿಗಳಿದ್ದ ಭಾಗವನ್ನು ಚಾಕುವಿನಿಂದ ಕೊಯ್ದು, ಜೇನು ಸಾಕುವ ಪೆಟ್ಟಿಗೆಯ ಚೌಕಟ್ಟುಗಳಲ್ಲಿ ಕೂಡಿಸಿ, ನೆನೆಸಿದ ಬಾಳೆಯ ನಾರಿನಿಂದ ಕಟ್ಟಿದರು. ಹುಳಗಳು ಮೇಣ ಹಚ್ಚಿ ಎರಿಯನ್ನು ಚೌಕಟ್ಟಿಗೆ ಬೆಸೆದ ಮೇಲೆ ಆ ನಾರನ್ನು ತಾವೇ ಕಡಿದು ಹೊರಗೆ ಹಾಕುತ್ತವಂತೆ. ಐದನೆಯ ಎರಿಯ ಮೇಲೆ, ಉಳಿದವಕ್ಕಿಂತ ಉದ್ದವಾದ, ಕಪ್ಪಗಿನ ರಾಣಿ ಸಿಕ್ಕಿತು. ಅದನ್ನು ಕಡ್ಡಿಪೆಟ್ಟಿಗೆಯಲ್ಲಿ ಹಿಡಿದು ಜೇನುಪೆಟ್ಟಿಗೆಯೊಳಗೆ ಬಿಟ್ಟು, ಆ ಜೇನುಪೆಟ್ಟಿಗೆಯನ್ನು ಕಿಟಕಿಯ ಬಾಯಿಗೆ ತಂದಿಟ್ಟರು. ಎರಡು ನಿಮಿಷದೊಳಗೆ ಹತ್ತಿಪ್ಪತ್ತು ಹುಳಗಳು ಪೆಟ್ಟಿಗೆಯ ಬಾಗಿಲಲ್ಲಿ ಸಾಲುನಿಂತು, ಹಿಂಭಾಗ ಮೇಲೆತ್ತಿ, ರೆಕ್ಕೆ ಬೀಸತೊಡಗಿದವು. “ರಾಣಿ ಇಲ್ಲಿ ಅದಾಳ ಬರ್ರಿ ಅಂತ ವಾಸನಿ ಬಿಡಾಕತ್ತಾವ ನೋಡ್ರಿ” ಎಂದರು. ಅದಾದ ಮೇಲೆ ಅವರು ಚಹಾ ಕುಡಿಯಲು ಕುಳಿತರು; ಹುಳಗಳು ಒಂದರ ಹಿಂದೊಂದು ನಡೆದುಕೊಂಡೇ ಒಳಗೆ ಹೋದವು.

ತುಪ್ಪ ಮೂರು ಕಿಲೋದಷ್ಟು ಇತ್ತು. ನಾನು ಸ್ಪ್ರೇ ಹೊಡೆದಿದ್ದರಿಂದ ಅದನ್ನು ನಮಗೂ ಕೊಡಲಿಲ್ಲ, ತಾವೂ ಒಯ್ಯಲಿಲ್ಲ, ಜೇನಿಗೂ ಉಣಿಸಲಿಲ್ಲ. ಹಿತ್ತಲಲ್ಲಿ ತಗ್ಗು ತೋಡಿಸಿ ಹುಗಿಸಿಬಿಟ್ಟರು. ಅತ್ತೆಯವರು ಅದನ್ನು ನೋಡಲಾರದೆ ಒಳಗೆ ಹೋದರು. ಎಂಟು ಗಂಟೆಗೆ ಪೆಟ್ಟಿಗೆಯ ಬಾಯಿಗೆ ಜಾಳಿಗೆ ಬಡಿದು, ಕಲಘಟಗಿ ರಸ್ತೆಯ ಒಂದು ಮಾವಿನ ತೋಟಕ್ಕೆ ಒಯ್ದರು. ಎರಡು ಮೂರು ಕಿಲೋಮೀಟರಿನೊಳಗೆ ಇಟ್ಟರೆ ಹಾರಿ ರೂಢಿಯಿರುವ ಹುಳಗಳು ಹಳೆಯ ಜಾಗಕ್ಕೇ ಮರಳುತ್ತವೆಯಾದ್ದರಿಂದ ಅಷ್ಟು ದೂರ.

ಇಲ್ಲಿಯವರೆಗೆ ಹೊಗಳಿದ್ದೇನೆ, ಇನ್ನೊಂದು ಮಾತು ಹೇಳದಿದ್ದರೆ ವಿಮರ್ಶೆಯಾಗದು. ಮೇಣ ಕೆರೆಯುವುದು, ಸುಣ್ಣ ಬಳಿಯುವುದು, ಸಂದಿ ಮುಚ್ಚುವುದು ಅವರ ಕೆಲಸದಲ್ಲಿ ಸೇರಿರಲಿಲ್ಲ, ಮತ್ತು ಅದನ್ನು ಅವರು ಮೊದಲು ಹೇಳದೆ ಹೊರಡುವಾಗ ಹೇಳಿದರು. ಹಳೆಯ ಮೇಣದ ವಾಸನೆಗೆ ಮುಂದಿನ ಹಿಂಡು ಅಲ್ಲಿಗೇ ಬರುತ್ತದೆ ಎಂಬ ಎಚ್ಚರಿಕೆಯನ್ನೂ ಆಗಲೇ ಕೊಟ್ಟರು. ಮುಂಚೆಯೇ ತಿಳಿದಿದ್ದರೆ ಗೌಂಡಿಯನ್ನು ಮರುದಿನಕ್ಕೇ ಹೇಳಿಡುತ್ತಿದ್ದೆ. ಅವನು ಸಿಕ್ಕಿದ್ದು ಆರನೆಯ ದಿನ. ಅಷ್ಟರಲ್ಲಿ ಉಳಿದುಹೋದ ಒಂದು ಮುಷ್ಟಿ ಹುಳಗಳು ಚೌಕಟ್ಟಿಗೆ ಜೋತುಬಿದ್ದು ಕೋಣೆಯನ್ನು ಬಳಸದ ಹಾಗೆ ಮಾಡಿದ್ದವು, ಕೆಂಜಿರುವೆಗಳು ಪುಸ್ತಕಗಳವರೆಗೆ ಬಂದಿದ್ದವು. ಕದ ಕಿತ್ತು ಇಟ್ಟಿಗೆ ಕಟ್ಟಿ ಗಾರೆ ಮಾಡಿಸಲು 3,200 ರೂಪಾಯಿ ಬಿದ್ದಿತು. ಜೇನು ಬಿಡಿಸಿದ್ದಕ್ಕೆ ಅವರು ತೆಗೆದುಕೊಂಡದ್ದು 2,500. ಎರಡನ್ನೂ ಕೂಡಿಸಿ ಲೆಕ್ಕ ಹಾಕಿಕೊಂಡೇ ಅವರನ್ನು ಕರೆಯಬೇಕು, ಗೌಂಡಿಯನ್ನು ಮೊದಲು ಗೊತ್ತುಮಾಡಿ ಆಮೇಲೆ ಅವರ ದಿನ ಕೇಳಬೇಕು.

ಗಾರೆ ಒಣಗಿದ ಮೇಲೆಯೂ ಒಂದು ವಾರ ನಾಲ್ಕೈದು ಹುಳಗಳು ದಿನವೂ ಹತ್ತೂವರೆಗೆ ಬಂದು, ಮೊದಲು ಸಂದಿಯಿದ್ದ ಜಾಗವನ್ನು ಮುಟ್ಟಿ ಮುಟ್ಟಿ ನೋಡಿ ಹೋಗುತ್ತಿದ್ದವು. ಈಗ ಬರುವುದಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನನ್ನ ತಮ್ಮನ ಮನೆಯ ಮೀಟರ್ ಪೆಟ್ಟಿಗೆಯಲ್ಲಿಯೂ ಜೇನು ಕೂತಿದೆ. ಅಲ್ಲಿಗೆ ಬರಲು ಪೆಟ್ರೋಲಿಗೆ 300 ಹೆಚ್ಚಾಗುತ್ತದೆ, ಮೊದಲು ಲೈನ್‌ಮನ್‌ಗೆ ಹೇಳಿ ಕರೆಂಟು ತೆಗೆಸಿರಬೇಕು ಎಂದಿದ್ದಾರೆ. ಈ ಸಲ ಗೌಂಡಿಯ ಮಾತನ್ನೂ ಅವರೇ ಮೊದಲು ಎತ್ತಿದರು.